ದತ್ತು ಮಗಳ ಹೆಸರಲ್ಲಿ ಶಾಲೆಗೆ ಬರುವ ಹಣ

ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರೊಬ್ಬರ ಪ್ರಶ್ನೆ: ದತ್ತು ಮಗಳ ಹೆಸರಲ್ಲಿ ಶಾಲೆಗೆ ಬರುವ ಸರ್ಕಾರಿ ಹಣ ಅವಳಿಗೇ ಖರ್ಚಾಗಬೇಕಲ್ಲವೇ?

ನಿಯಮ ಹಾಗೆ ಹೇಳುವುದಿಲ್ಲ. ‘ಪ್ಯೂಪಿಲ್ ಪ್ರೀಮಿಯಂ ಪ್ಲಸ್’ ಅನುದಾನ 2014ರಿಂದ ಸರ್ಕಾರಿ ಆರೈಕೆಯಿಂದ ದತ್ತು ಪಡೆದ ಮಕ್ಕಳಿಗೂ ಸಿಗುತ್ತಿದೆ. 2024–25ರಲ್ಲಿ ತಲಾ 2,570 ಪೌಂಡ್ ಇತ್ತು. ಅದನ್ನು ಒಂದೇ ಮಗುವಿಗೆ ಮೀಸಲಿಡಬೇಕಿಲ್ಲ. ಆದರೆ ಅಕ್ಟೋಬರ್‌ನ ಶಾಲಾ ಗಣತಿಗೆ ಮುನ್ನ ಪೋಷಕರು ದತ್ತಿನ ದಾಖಲೆ ತೋರಿಸದಿದ್ದರೆ ಹಣವೇ ಬರದು.

ದಾಖಲೆ ಕೊಟ್ಟ ಬಳಿಕ, ಇಂಥ ಮಕ್ಕಳಿಗೆಂದೇ ಶಾಲೆ ನೇಮಿಸಿರುವ ಶಿಕ್ಷಕರೊಡನೆ ಕೂತು ಮಾತಾಡಬೇಕು. ಟ್ಯೂಷನ್ ಒಂದನ್ನೇ ಕೇಳಿದರೆ ಸಾಲದು. ಟೀಚರ್ ಬದಲಾದ ದಿನ ಮೇಜಿನಡಿ ಸೇರಿಕೊಳ್ಳುವ ಮಗುವಿಗೆ ಗಣಿತಕ್ಕಿಂತ ಮೊದಲು ಬೇಕಾದದ್ದು ಬೆಳಗ್ಗೆ ಗೇಟಿನ ಬಳಿ ಕಾಯುವ ಪರಿಚಿತ ಮುಖ. ಅಂಥ ಸಹಾಯಕಿಯ ಸಂಬಳಕ್ಕೋ, ಬಾಲ್ಯದ ಆಘಾತವನ್ನು ಗುರುತಿಸಲು ಸಿಬ್ಬಂದಿಗೆಲ್ಲ ಕೊಡುವ ತರಬೇತಿಗೋ ಹೋದ ಹಣ ಅವಳಿಗೂ ಸಂದಂತೆಯೇ.

ಮಾತುಕತೆ ಮುಂದೆ ಸಾಗದಿದ್ದರೆ ಸ್ಥಳೀಯ ಆಡಳಿತದಲ್ಲಿ ಇಂಥ ಮಕ್ಕಳ ಶಿಕ್ಷಣವನ್ನು ನೋಡಿಕೊಳ್ಳುವ ‘ವರ್ಚುವಲ್ ಸ್ಕೂಲ್’ ಮುಖ್ಯಸ್ಥರ ಸಲಹೆ ಪಡೆಯಬಹುದು.