ಊರು ಬಿಟ್ಟವನು, ಊರಿಗೆ ಕೊಟ್ಟವಳು: ಕೊರಟಗೆರೆ ಸೀಮೆಯ ವಲಸೆಯ ಪರಿಭಾಷೆ

ಜನರು ಹುಟ್ಟೂರನ್ನು ಎಷ್ಟು ಸಲ ಬಿಡುತ್ತಾರೆ ಎಂಬುದು ಮೇಲ್ನೋಟಕ್ಕೆ ಸಮಾಜಶಾಸ್ತ್ರದ ಪ್ರಶ್ನೆ. ಆದರೆ ಯಾವುದು ‘ಬಿಡುವುದು’ ಎಂಬುದನ್ನು ಭಾಷೆ ಮೊದಲೇ ತೀರ್ಮಾನಿಸಿರುವುದರಿಂದ ಇದು ಕನ್ನಡ ಅಧ್ಯಯನದ ಪ್ರಶ್ನೆಯೂ ಹೌದು. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳ ಬದುಕನ್ನು ಮುಂದಿಟ್ಟುಕೊಂಡು ಪ್ರಸ್ತುತ ಲೇಖನವು ಈ ಅಂಶವನ್ನು ಪರಿಶೀಲಿಸುತ್ತದೆ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 45 ಕೋಟಿಗೂ ಹೆಚ್ಚು ಜನ ವಲಸಿಗರು. ಇವರಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚಿನವರು ಹೆಂಗಸರು. ಕಾರಣಗಳಲ್ಲಿ ಮದುವೆಯದೇ ದೊಡ್ಡ ಪಾಲು. ಹಾಗಿದ್ದೂ ವಲಸೆಯೆಂದೊಡನೆ ನಮ್ಮ ಸಾಹಿತ್ಯ ವಿಮರ್ಶೆಯ ಕಣ್ಣಮುಂದೆ ನಿಲ್ಲುವವನು ಬೆಂಗಳೂರಿನ ಬಸ್ಸು ಹತ್ತಿದ ಗಂಡಸು.

ಇದಕ್ಕೆ ಕಾರಣ ನಮ್ಮ ವಾಕ್ಯರಚನೆಯಲ್ಲಿಯೇ ಇದೆ. ‘ಅವನು ಊರು ಬಿಟ್ಟ’ ಎಂಬಲ್ಲಿ ಗಂಡು ಕರ್ತೃ. ‘ಅವಳನ್ನು ಮಧುಗಿರಿಗೆ ಕೊಟ್ಟರು’ ಎಂಬಲ್ಲಿ ಹೆಣ್ಣು ಕರ್ಮ. ಪ್ರಯಾಣ ಅವಳದು, ಕ್ರಿಯೆ ಮಾತ್ರ ಇತರರದು. ‘ಕೊಟ್ಟ ಮನೆ’ ಎಂಬ ನುಡಿಗಟ್ಟು ಇದನ್ನೇ ಸ್ಥಿರಗೊಳಿಸುತ್ತದೆ. ‘ತವರು’ ಎಂಬ ಪದವಾದರೋ ಬಿಟ್ಟುಬಂದ ಬಳಿಕವೇ ಅರ್ಥ ಪಡೆಯುವಂಥದು; ಮದುವೆಗೆ ಮುನ್ನ ಅದು ಬರಿಯ ಮನೆ. ಬೀಸುವ ಹಾಡುಗಳು ಲೆಕ್ಕವಿಡುವುದು ಹೊರಟದ್ದನ್ನಲ್ಲ, ಮರಳಿದ್ದನ್ನು: ಹಬ್ಬಕ್ಕೆ ಅಣ್ಣ ಕರೆಯಲು ಬಂದನೇ, ಚೊಚ್ಚಲ ಬಾಣಂತನಕ್ಕೆ ತವರು ಸಿಕ್ಕಿತೇ ಎಂಬುದೇ ಅಲ್ಲಿನ ಎಣಿಕೆ.

ಇನ್ನೊಂದು ಬಗೆಯ ಹೋಗಿಬರುವಿಕೆ ‘ಗುಳೆ’. ಬಹುಮಟ್ಟಿಗೆ ಆಂಧ್ರಪ್ರದೇಶದಿಂದ ಸುತ್ತುವರಿದ, ಬರಪೀಡಿತವಾದ ಪಾವಗಡದಲ್ಲಿ ಮಳೆ ಕೈಕೊಟ್ಟ ವರ್ಷ ಕೂಲಿಯವರು ಹೊರಡುತ್ತಾರೆ. ಮಳೆ ಬಿದ್ದರೆ ಮರಳುತ್ತಾರೆ. ಶಿರಾ ಭಾಗದ ಕಾಡುಗೊಲ್ಲರಲ್ಲಿ ಮೇವನ್ನರಸಿ ಕುರಿಹಿಂಡಿನೊಡನೆ ಸಾಗುವುದು ಹಟ್ಟಿಯ ಬದುಕಿನ ಭಾಗವೇ ಹೊರತು ಹಟ್ಟಿಯ ತ್ಯಾಗವಲ್ಲ. ಅವರ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯವನ್ನು ಓದುವಾಗಲೂ ಈ ಚಲನಶೀಲತೆಯನ್ನು ಮರೆಯುವಂತಿಲ್ಲ. ಜನಗಣತಿ ಕೇಳುವುದು ಹುಟ್ಟಿದ ಸ್ಥಳವನ್ನು ಮತ್ತು ಹಿಂದಿನ ವಾಸಸ್ಥಳವನ್ನು. ಹತ್ತು ಸಲ ಗುಳೆ ಹೋಗಿ ಹತ್ತು ಸಲ ಮರಳಿದವನು ಆ ಲೆಕ್ಕದಲ್ಲಿ ಊರನ್ನೇ ಬಿಡದವನಾಗಿ ಉಳಿಯಬಹುದು.

ಹೀಗೆ ಬಿಡು, ಕೊಡು, ಗುಳೆ ಹೋಗು ಎಂಬ ಮೂರು ಕ್ರಿಯೆಗಳನ್ನು ‘ವಲಸೆ’ ಎಂಬ ಒಂದೇ ಪರಿಭಾಷೆಯಲ್ಲಿ ಅಡಗಿಸಿದಾಗ ಬಹುಸಂಖ್ಯಾತರ ಅನುಭವವೇ ಮರೆಯಾಗುತ್ತದೆ. ತವರಿನ ಹಾಡುಗಳನ್ನು ಕೌಟುಂಬಿಕ ಭಾವಗೀತೆಗಳೆಂದು ವರ್ಗೀಕರಿಸುವ ರೂಢಿಯನ್ನು ಈ ಹಿನ್ನೆಲೆಯಲ್ಲಿ ಮರುಪರಿಶೀಲಿಸಬೇಕಾಗಿದೆ. ಅವು ಕನ್ನಡದ ವಲಸೆ ಸಾಹಿತ್ಯದ ಮೊದಲ ಆಕರಗಳು. ಕ್ಷೇತ್ರಕಾರ್ಯಕ್ಕೆ ಹೋಗುವ ಸಂಶೋಧಕರು ಹಾಡಿದಾಕೆಯ ಈಗಿನ ಊರಿನೊಡನೆ ಅವಳು ಹುಟ್ಟಿದ ಊರನ್ನೂ ದಾಖಲಿಸುವುದು ಈ ದಿಕ್ಕಿನ ಮೊದಲ ಹೆಜ್ಜೆಯಾದೀತು.