ಜೋನಿ ಬೆಲ್ಲ ನೀರಲ್ಲ

ಯಂತ್ರ ಮಾರುವವನು ಬೆಂಗಳೂರಿನಲ್ಲಿ ನನಗೆ ಡೆಮೊ ತೋರಿಸಿದ್ದು ನೀರು ತುಂಬಿ. ನಾಲ್ಕು ನಾಜಲ್ಲು, ನಾಲ್ಕು ಬಾಟಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಭರ್ತಿ. ‘ನಮ್ಮದು ಜೋನಿ ಬೆಲ್ಲ, ಮಂದವಾದ ದ್ರವ ಬೆಲ್ಲ’ ಎಂದೆ. ‘ಎಲ್ಲ ಲಿಕ್ವಿಡ್ಡೂ ಒಂದೇ ಸಾರ್, ಟೈಮರ್ ಸ್ವಲ್ಪ ಹೆಚ್ಚಿಗೆ ಇಟ್ಟರಾಯಿತು’ ಎಂದ. ಮುಂಗಡ ಕೊಟ್ಟು ಶಿರಸಿ ಬಸ್ಸು ಹತ್ತಿದೆ.

ಅದು ತೊಟ್ಟಿಯಲ್ಲಿದ್ದದ್ದು ತನ್ನ ಭಾರಕ್ಕೇ ಇಳಿಯುವ ಯಂತ್ರ. ವಾಲ್ವು ಇಂತಿಷ್ಟು ಸೆಕೆಂಡು ತೆರೆದಿರುತ್ತದೆ, ಅಷ್ಟೇ. ಮಧ್ಯಾಹ್ನ ಹದ ಮಾಡಿಟ್ಟರೆ ಮರುದಿನ ಬೆಳಗಿನ ಚಳಿಯಲ್ಲಿ ಅದೇ ಸೆಕೆಂಡಿಗೆ ಅರವತ್ತು ಗ್ರಾಂ ಕಡಿಮೆ. ಲೇಬಲ್ಲಿನಲ್ಲಿ 500 ಗ್ರಾಂ ಎಂದು ಬರೆದ ಮೇಲೆ ಕಾನೂನು ಸಹಿಸುವ ಕೊರತೆ 15 ಗ್ರಾಂ ಮಾತ್ರ. ಬೆಳಗ್ಗೆ ತುಂಬಿದ್ದಕ್ಕೆಲ್ಲ ಅತ್ತಿಗೆ ಸೌಟು ಹಿಡಿದು ಮತ್ತೆ ಸುರಿಯುತ್ತಿದ್ದಳು. ಬಾಟಲಿಯ ಕತ್ತಿನಿಂದ ಇಳಿದ ಎಳೆಗೆ ಇರುವೆಯ ಸಾಲು ಬೇರೆ.

ಎರಡನೇ ಸಲ ಪಿಸ್ಟನ್ ಯಂತ್ರ ತಂದೆ. ಸಿಲಿಂಡರಿನಷ್ಟು ಎಳೆದುಕೊಂಡು ಅಷ್ಟನ್ನೇ ತಳ್ಳುತ್ತದೆ. ಮಂದ ಪದಾರ್ಥಕ್ಕೆ ಇದೇ ಸರಿ. ಆದರೂ ಚಳಿಯಲ್ಲಿ ಕೈಕೊಟ್ಟಿತು. ಪಿಸ್ಟನ್ ಹಿಂದೆ ಸರಿಯುವ ವೇಗಕ್ಕೆ ಜೋನಿ ಹರಿದು ಬರದೆ, ನಡುವೆ ಗಾಳಿ ಸೇರಿಕೊಳ್ಳುತ್ತಿತ್ತು. ಎಳೆಯುವ ವೇಗ ತಗ್ಗಿಸಿ, ತೊಟ್ಟಿಯ ಕೆಳಗಿನ ಪೈಪನ್ನು ದಪ್ಪದ್ದು ಹಾಕಿಸಿ, ತೊಟ್ಟಿಯ ಸುತ್ತ ಉಗುರುಬೆಚ್ಚಗಿನ ನೀರು ಓಡುವ ಹಾಗೆ ಮಾಡಿಸಿದ ಮೇಲೆ ತೂಕ ನಿಂತಿತು. ಜೇನುತುಪ್ಪಕ್ಕೂ ಈಗ ಅದೇ ತೊಟ್ಟಿ. ಬಿಸಿ ಹೆಚ್ಚಾದರೆ ಜೇನು ಕೆಡುತ್ತದೆ, ಅದಕ್ಕೇ ಒಂದು ಥರ್ಮಾಮೀಟರು ಸದಾ ನೇತಾಡುತ್ತಿರುತ್ತದೆ. ಬಾಯಿ ಮುಚ್ಚಿಕೊಳ್ಳುವ ನಾಜಲ್ಲಿಗೆ ಬೇರೆ ದುಡ್ಡು ಕೇಳಿದರು. ಇರುವೆಗಳನ್ನು ನೆನೆದು ಕೊಟ್ಟೆ.

ಈ ಪಿಸ್ಟನ್ ಓಡಿಸಲು ಒತ್ತಡದ ಗಾಳಿ ಬೇಕು, ಅಂದರೆ ಕಂಪ್ರೆಸರು. ಯಂತ್ರದ ರೇಟು ಹೇಳುವವರು ಅದನ್ನು ಹೇಳುವುದಿಲ್ಲ. ನಮ್ಮ ಸಿಂಗಲ್ ಫೇಸ್ ಕರೆಂಟಿಗೆ ತಕ್ಕ ಕಂಪ್ರೆಸರು ಹುಡುಕಲು ಇನ್ನೊಂದು ತಿಂಗಳು ಹೋಯಿತು.

ಮಿಡಿ ಉಪ್ಪಿನಕಾಯಿಯನ್ನೂ ಪಿಸ್ಟನ್ ಯಂತ್ರದಲ್ಲೇ ತುಂಬಲು ಹೋದದ್ದು ದುರಾಸೆ. ವಾಲ್ವಿಗೆ ಸಿಕ್ಕ ಅಪ್ಪೆಮಿಡಿ ಅರ್ಧವಾಗಿ ಹೊರಬಂತು. ಈಗ ಮಿಡಿಯನ್ನು ಕೈಯಲ್ಲಿ ಎಣಿಸಿ ಹಾಕುತ್ತೇವೆ, ಮೇಲಿನ ರಸವನ್ನಷ್ಟೇ ಯಂತ್ರ ಸುರಿಯುತ್ತದೆ. ಅದಕ್ಕೊಂದು ಬೇರೆ ಪುಟ್ಟ ಯಂತ್ರ, 316 ಸ್ಟೀಲಿನದು. ಉಪ್ಪು, ಹುಳಿ ಎರಡೂ ಇರುವಲ್ಲಿ 304 ಸ್ಟೀಲಿಗೆ ಚುಕ್ಕಿಚುಕ್ಕಿಯಾಗಿ ತೂತು ಬೀಳುತ್ತದೆ.

ಮೊನ್ನೆ ಕೋಕಂ ಸಿರಪ್ಪು ಮಾಡುವ ಭಾವ ಬಂದಿದ್ದ, ಯಾವ ಯಂತ್ರ ತಗೊಳ್ಳಲಿ ಎಂದು ಕೇಳಲು. ಐದು ಲೀಟರಿನ ಖಾಲಿ ಕ್ಯಾನು ಕೊಟ್ಟೆ. ‘ನಿನ್ನ ಸಿರಪ್ಪು ಇದರಲ್ಲಿ ತುಂಬಿಸಿಕೊಂಡು ಹೋಗು. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟು, ಯಂತ್ರ ಮಾರುವವರ ಎದುರಿಗೇ ತೊಟ್ಟಿಗೆ ಹೊಯ್ಯಿ. ಆಮೇಲೆ ಯಂತ್ರವನ್ನು ನೀನೇ ಬಿಚ್ಚಿ ತೊಳೆದು ನೋಡು, ಸ್ಪ್ಯಾನರ್ ಎಷ್ಟು ಬೇಕಾಯಿತು ಎಂದು ಎಣಿಸು.’

ಎರಡು ಕಡೆಯವರು ಕ್ಯಾನು ನೋಡಿದ್ದೇ, ಇವತ್ತು ಆಪರೇಟರ್ ಇಲ್ಲ ಎಂದರಂತೆ.