ಮಾಸ್ಟಿನ ಬುಡದಿಂದ ಕುಷ್ಟಗಿಯ ಮಾಳಿಗೆಗೆ

ರೇಡಿಯೊ ಟವರ್ ಅಂದರೆ ಎಲ್ಲರೂ ಕತ್ತೆತ್ತಿ ತುದಿ ನೋಡುತ್ತಾರೆ. ಅದನ್ನು ನೋಡಿಕೊಳ್ಳುವ ನಮ್ಮಂಥವರ ನೌಕರಿ ಪೂರಾ ಕಳೆದದ್ದು ಬುಡದಲ್ಲಿ. ಆಕಾಶವಾಣಿಯ ಮಧ್ಯಮ ತರಂಗ (ಎಎಂ) ಪ್ರಸಾರ ಕೇಂದ್ರಗಳಲ್ಲಿ ತಾಂತ್ರಿಕ ಕೆಲಸ ಮಾಡಿ ನಿವೃತ್ತನಾಗಿ ಹುಟ್ಟೂರು ಕುಷ್ಟಗಿಗೆ ಬಂದು ನೆಲೆಸಿದ್ದೇನೆ. ಈಗ ನನ್ನ ಸುಪರ್ದಿಯಲ್ಲಿ ಟವರ್ ಇಲ್ಲ, ಒಂದು ರೇಡಿಯೊ ಇದೆ. ಕಳಿಸುವ ಕಡೆ ಕಲಿತದ್ದರ ಅರ್ಧ ತಿಳಿದದ್ದು ಕೇಳುವ ಕಡೆ ಕೂತ ಮೇಲೆ.

ಮೊಬೈಲ್ ಟವರ್ ಆಂಟೆನಾಗಳನ್ನು ಹೊತ್ತು ನಿಂತ ಕಬ್ಬಿಣ. ಮಧ್ಯಮ ತರಂಗದ ಮಾಸ್ಟಿನಲ್ಲಿ ಆ ಕಬ್ಬಿಣವೇ ಆಂಟೆನಾ. ಹಾಗಾಗಿ ಅದು ನೆಲಕ್ಕೆ ತಾಗುವಂತಿಲ್ಲ. ಟನ್‌ಗಟ್ಟಲೆ ಭಾರವನ್ನು ಬುಡದ ಪಿಂಗಾಣಿ ಇನ್ಸುಲೇಟರ್ ಹೊರುತ್ತದೆ. ಮಾಸ್ಟನ್ನು ನಾಲ್ಕೂ ಕಡೆಯಿಂದ ಹಿಡಿದ ಗೈ ತಂತಿಗಳನ್ನೂ ನಡುನಡುವೆ ತುಂಡರಿಸಿ ಇನ್ಸುಲೇಟರ್ ಕೂಡಿಸಿರುತ್ತಾರೆ. ಎತ್ತರ ನಿರ್ಧಾರವಾಗುವುದು ತರಂಗದ ಉದ್ದದ ಮೇಲೆ. ಧಾರವಾಡದ 765 ಕಿಲೋಹರ್ಟ್ಜ್ ತರಂಗ ಸುಮಾರು 392 ಮೀಟರ್ ಉದ್ದ, ಅದರ ಕಾಲುಭಾಗ 98 ಮೀಟರ್. ಕಲಬುರಗಿಯ 1107ಕ್ಕೆ ಕಾಲುಭಾಗ ಅಂದರೆ 68 ಮೀಟರ್ ಸಾಕು.

ಕಣ್ಣಿಗೆ ಕಾಣುವುದು ಇಷ್ಟೇ. ಕಾಣದ ಅರ್ಧ ಮಣ್ಣಿನೊಳಗಿದೆ. ಬುಡದಿಂದ ಸುತ್ತಲೂ ಮೂರು ಡಿಗ್ರಿಗೊಂದರಂತೆ 120 ತಾಮ್ರದ ತಂತಿಗಳನ್ನು ಹೂಳುವುದು ಪ್ರಪಂಚದ ಎಲ್ಲೆಡೆ ಇರುವ ರೂಢಿ. 1937ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಹೊಲದಲ್ಲಿ ತಂತಿ ಹಾಸಿ ಅಳೆದು ತೋರಿಸಿದ ಲೆಕ್ಕ ಇದರ ಬೆನ್ನಿಗಿದೆ. ತಂತಿ ಕಡಿಮೆಯಾದರೆ ಟ್ರಾನ್ಸ್‌ಮಿಟರಿನ ಶಕ್ತಿ ಗಾಳಿಗೆ ಹೋಗುವ ಬದಲು ಮಣ್ಣು ಕಾಯಿಸುತ್ತದೆ. ತೇವ ಹಿಡಿಯುವ ಎರೆ ಭೂಮಿ ಈ ತರಂಗಗಳಿಗೆ ಒಳ್ಳೆಯದು, ಕಲ್ಲು ನೆಲ ಕೆಟ್ಟದ್ದು. ಆದರೆ ಎರೆಯದೂ ಒಂದು ಕಾಟವಿದೆ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಟ್ಟಾಗ ತಂತಿಯ ಬೆಸುಗೆಯನ್ನೂ ಜಗ್ಗುತ್ತದೆ. ಇನ್ನು ತಾಮ್ರದ ರೇಟು ಏರಿದ ವರ್ಷ ಬೇರೆಯದೇ ಕಾಟ. ಒಂದು ಕೇಂದ್ರದಲ್ಲಿ ಮಾಸ್ಟಿನ ಬುಡಕ್ಕೆ ಹರಿಯುವ ಕರೆಂಟಿನ ಮೀಟರ್ ದಿನಕ್ಕಿಷ್ಟು ಇಳಿಯುತ್ತಿತ್ತು. ಟ್ರಾನ್ಸ್‌ಮಿಟರಿನಲ್ಲಿ ಏನೂ ದೋಷವಿಲ್ಲ. ಕೊನೆಗೆ ಸನಿಕೆ ಹಿಡಿದು ಬೇಲಿಯಂಚಿನಲ್ಲಿ ಅಗೆದರೆ ತಂತಿಯೇ ಇಲ್ಲ! ರಾತ್ರಿ ಯಾರೋ ಒಂದೊಂದೇ ಎಳೆದುಕೊಂಡು ಹೋಗಿದ್ದರು. ಲಾಗ್ ಬುಕ್ಕಿನಲ್ಲಿ ತಾಸಿಗೊಮ್ಮೆ ಆ ಅಂಕಿ ಬರೆಯುವುದನ್ನು ಹೊಸ ಹುಡುಗರು ಗುಮಾಸ್ತಿಕೆ ಅಂದುಕೊಳ್ಳುತ್ತಿದ್ದರು. ಕಳ್ಳತನ ಹಿಡಿದುಕೊಟ್ಟದ್ದು ಆ ಗುಮಾಸ್ತಿಕೆಯೇ.

ಉಳಿದ ಕೆಲಸ ಬಹುಪಾಲು ರೈತನ ಕೆಲಸ. ಹುಲ್ಲು ಹೆರೆಯಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲಿ ಬೆಂಕಿ. ಮಾಸ್ಟಿನ ಪಕ್ಕದ ಟ್ಯೂನಿಂಗ್ ಕೋಣೆಯಲ್ಲಿ ಜೇನು ಕಟ್ಟುತ್ತದೆ, ಹಾವು ಸೇರುತ್ತದೆ. ಬಿರುಗಾಳಿ ಮಳೆ ಹೋದ ಮರುದಿನ ಗೈ ತಂತಿಗಳ ಬಿಗಿ ನೋಡಿ, ಮಾಸ್ಟ್ ನೆಟ್ಟಗಿದೆಯೇ ಎಂದು ಥಿಯೋಡೊಲೈಟ್ ಇಟ್ಟು ನೋಡಬೇಕು. ಬಣ್ಣ ಬಳಿಯುವವರು, ತುದಿಯ ಕೆಂಪು ದೀಪ ಬದಲಿಸುವವರು ಹತ್ತುವ ದಿನ ಒಂದೇ ನಿಯಮ: ಪ್ರಸಾರ ಬಂದ್, ಬೇಲಿಯ ಬಾಗಿಲಿನ ಕೀಲಿ ಹತ್ತುವವನ ಕಿಸೆಯಲ್ಲೇ ಇರಬೇಕು, ಸಾಹೇಬರ ಟೇಬಲ್ ಮೇಲಲ್ಲ. ಪ್ರಸಾರ ನಡೆಯುವಾಗ ನೆಲದ ಮೇಲೆ ನಿಂತು ಮಾಸ್ಟ್ ಮುಟ್ಟಿದವನ ಕೈ ಸುಡುತ್ತದೆ, ಜೀವವೂ ಹೋಗಬಹುದು. ದೊಡ್ಡ ಕೇಂದ್ರಗಳ ಅಕ್ಕಪಕ್ಕದಲ್ಲಿ ಬಟ್ಟೆ ಒಣಹಾಕುವ ತಂತಿಯೂ ಚುರುಕು ಮುಟ್ಟಿಸುವುದುಂಟು.

ಸಿಡಿಲಿಗೆ ಅಂತಲೇ ಬುಡದಲ್ಲಿ ಎರಡು ಲೋಹದ ಗುಂಡುಗಳನ್ನು ಸಣ್ಣ ಸಂದು ಬಿಟ್ಟು ಎದುರುಬದುರು ಇಟ್ಟಿರುತ್ತಾರೆ. ಸಿಡಿಲಿನ ವಿದ್ಯುತ್ತು ಆ ಸಂದಿನಲ್ಲಿ ಕಿಡಿಯಾಗಿ ಹಾರಿ ನೆಲಕ್ಕಿಳಿಯುತ್ತದೆ, ಟ್ರಾನ್ಸ್‌ಮಿಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ನಿಂತು ಮತ್ತೆ ಶುರುವಾಗುತ್ತದೆ. ಈಗಲೂ ಅಡ್ಡಮಳೆಯ ದಿನಗಳಲ್ಲಿ ಧಾರವಾಡ ಟಪ್ಪೆಂದು ನಿಂತು ಮತ್ತೆ ಬಂದರೆ ಮನೆಯವಳಿಗೆ ಹೇಳುತ್ತೇನೆ, ಅಲ್ಲಿ ಗುಡುಗು ಶುರುವಾಗೇದ ಅಂತ.

ನಮ್ಮ ತಾಲ್ಲೂಕು 1948ರವರೆಗೆ ನಿಜಾಮರ ಸೀಮೆ. ಹಿರಿಯರ ಕಿವಿಗೆ ಮೊದಲು ಬಿದ್ದ ರೇಡಿಯೊ ಹೈದರಾಬಾದಿನದು, ಆಮೇಲೆ 1950ರ ಜನವರಿ 8ರಂದು ಶುರುವಾದ ಧಾರವಾಡದ್ದು. ಇವತ್ತು ಕುಷ್ಟಗಿಯಲ್ಲಿ ಕೂತು ಕೇಳಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಧಾರವಾಡ ನಮಗೆ ನೇರ ಗೆರೆಯಲ್ಲಿ ಲೆಕ್ಕ ಹಾಕಿದರೆ 130 ಕಿಲೋಮೀಟರ್ ಆಸುಪಾಸು. ಹಗಲು ಗಟ್ಟಿಯಾಗಿ ಬರುವ ಅದೇ ಕೇಂದ್ರ ರಾತ್ರಿ ಏಳುತ್ತದೆ, ಬೀಳುತ್ತದೆ, ಮಾತು ನೀರೊಳಗಿಂದ ಬಂದಂತಾಗುತ್ತದೆ. ಅದೇ ಹೊತ್ತಿಗೆ ಇನ್ನೂ ದೂರದ ಬೆಂಗಳೂರಿನ 612 ಚಲೋ ಕೇಳುತ್ತದೆ. ನಮ್ಮ ಕೇಂದ್ರಗಳಿಗೂ ಇಂಥ ದೂರಿನ ಕಾಗದಗಳು ಬರುತ್ತಿದ್ದವು: ಸಂಜೆಯಾದರೆ ನಿಮ್ಮ ಟವರಿಗೆ ಏನಾಗುತ್ತದೆ?

ಟವರಿಗೆ ಏನೂ ಆಗಿರುವುದಿಲ್ಲ. ನೆಲ ಹಿಡಿದು ಬರುವ ತರಂಗ ಹಗಲಿರುಳು ಒಂದೇ. ಆಕಾಶಕ್ಕೆ ಏರುವ ತರಂಗವನ್ನು ಹಗಲು ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದ ಅಯಾನುಪದರ ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದರೆ ಆ ಪದರ ಕರಗಿ, ಮೇಲಿನ ಪದರಗಳು ತರಂಗವನ್ನು ನೆಲಕ್ಕೆ ವಾಪಸು ಕಳಿಸುತ್ತವೆ. ನೂರಿನ್ನೂರು ಕಿಲೋಮೀಟರ್ ದೂರದಲ್ಲಿ ಎರಡೂ ದಾರಿಯ ತರಂಗಗಳು ಹೆಚ್ಚುಕಡಿಮೆ ಸಮಬಲದಲ್ಲಿ ಬಂದು ಒಂದನ್ನೊಂದು ಅಳಿಸುತ್ತವೆ. ಅದಕ್ಕಿಂತ ದೂರ ಹೋದರೆ ಆಕಾಶದ್ದೊಂದೇ ಉಳಿದು ದನಿ ಮತ್ತೆ ಗಟ್ಟಿಯಾಗುತ್ತದೆ. ಕುಷ್ಟಗಿಯವರು ಧಾರವಾಡದ ಮಟ್ಟಿಗೆ ಆ ಜಗಳದ ನಡುವೆ ಕೂತವರು.

ದೂರದ ಕೇಂದ್ರ ಹಿಡಿಯುವ ಹುಚ್ಚು ಹತ್ತಿದ್ದು ಇಲ್ಲಿಂದ. ಏಷ್ಯಾದಲ್ಲಿ ಮಧ್ಯಮ ತರಂಗದ ಕೇಂದ್ರಗಳೆಲ್ಲ 9 ಕಿಲೋಹರ್ಟ್ಜ್ ಅಂತರದ ಮನೆಗಳಲ್ಲಿವೆ. 1975ರ ಜಿನೀವಾ ಒಪ್ಪಂದ 1978ರ ನವೆಂಬರಿನಲ್ಲಿ ಜಾರಿಯಾದಾಗಿನಿಂದ ಇದೇ ವ್ಯವಸ್ಥೆ. ಭದ್ರಾವತಿಯ 675, ಹೈದರಾಬಾದಿನ 738, ಮಂಗಳೂರಿನ 1089, ಯಾವುದನ್ನು ಬೇಕಾದರೂ ಒಂಬತ್ತರಿಂದ ಭಾಗಿಸಿ, ಶೇಷ ಉಳಿಯುವುದಿಲ್ಲ. ರೇಡಿಯೊದೊಳಗಿನ ಫೆರೈಟ್ ಕಡ್ಡಿಯ ತುದಿ ಯಾವ ಕೇಂದ್ರದತ್ತ ತಿರುಗುತ್ತದೋ ಆ ಕೇಂದ್ರ ಸೊರಗುತ್ತದೆ. ಕುಷ್ಟಗಿಯಲ್ಲಿ ಧಾರವಾಡ ಜೋರಾಗಿ ಬೇಕಾದರೆ ಕಡ್ಡಿ ತೆಂಕಣ ಬಡಗಣ ಇರಲಿ. ಅದರ ಸದ್ದಡಗಿಸಿ ಪಕ್ಕದ್ದು ಕೇಳಬೇಕಾದರೆ ತುದಿಯನ್ನು ಪಡುವಣಕ್ಕೆ ಮಾಡಿ. ಬಡಿಗೇರರಿಂದ ಒಂದು ಮೀಟರಿನ ಕಟ್ಟಿಗೆ ಚೌಕಟ್ಟು ಮಾಡಿಸಿ, ಎಂಟೊಂಬತ್ತು ಸುತ್ತು ತಂತಿ ಸುತ್ತಿ, ಹಳೆಯ ರೇಡಿಯೊದ ಗ್ಯಾಂಗ್ ಕಂಡೆನ್ಸರ್ ಕೂಡಿಸಿದ್ದೇನೆ. ಅದನ್ನು ರೇಡಿಯೊದ ಬದಿಗೆ ಇಟ್ಟರೆ ಸಾಕು, ತಂತಿ ಜೋಡಿಸುವುದೂ ಬೇಡ, ಸೊರಗಿದ ಕೇಂದ್ರ ಎದ್ದು ಕೂಡುತ್ತದೆ. ಗುರುತು ಹಿಡಿಯುವುದು ಮಾತ್ರ ತಾಳ್ಮೆಯ ಕೆಲಸ. ದೆಹಲಿಯ ವಾರ್ತೆಯನ್ನು ಅನೇಕ ಕೇಂದ್ರಗಳು ಒಟ್ಟಿಗೆ ಹಾಕುತ್ತವೆ, ಅದು ಮುಗಿದು ಸ್ಥಳೀಯ ಭಾಷೆಯಲ್ಲಿ ಕೇಂದ್ರದ ಹೆಸರು ಹೇಳುವವರೆಗೆ ಕಾಯಬೇಕು. ಒಂದು ಮೆಗಾವಾಟಿನ ನಾಗಪುರದ 1566ರಲ್ಲಿ 1988ರಿಂದ ರಾಷ್ಟ್ರೀಯ ಚಾನೆಲ್ ಇಡೀ ರಾತ್ರಿ ಬರುತ್ತಿತ್ತು. ಆ ಚಾನೆಲ್ ಈಗ ಮುಚ್ಚಿದೆ.

ನಿಜವಾದ ಶತ್ರು ದೂರವಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸ್, ಇನ್ವರ್ಟರ್ ಎಲ್ಲವೂ ಇದೇ ತರಂಗಗಳಲ್ಲಿ ಗುರುಗುಟ್ಟುತ್ತವೆ. ಅದನ್ನು ಕೇಳಿಯೇ ಜನ “ಎಎಂ ಸತ್ತು ಹೋತ್ರೀ ಕಾಕಾ, ಬರೇ ಗರ್ ಗರ್ ಅಂತೈತಿ” ಅನ್ನುತ್ತಾರೆ. ಹನುಮಸಾಗರದ ಕಡೆಯ ಹೊಲದಲ್ಲಿ, ಕರೆಂಟಿನ ಕಂಬಗಳಿಂದ ದೂರ, ಅದೇ ರೇಡಿಯೊ ಹಚ್ಚಿ ಕೊಟ್ಟರೆ ಸುಮ್ಮನಾಗುತ್ತಾರೆ. ಊರಲ್ಲಿ ಕರೆಂಟ್ ಹೋದಾಗ ಓಣಿಯೆಲ್ಲ ಬೈಯುತ್ತಿದ್ದರೆ ನಾನು ರೇಡಿಯೊ ಎತ್ತಿಕೊಂಡು ಮಾಳಿಗೆ ಹತ್ತುತ್ತೇನೆ. ಚಳಿಗಾಲವಾದರೆ ಇನ್ನೂ ಚಲೋ, ಸಿಡಿಲಿನ ಕರಕರ ಇರುವುದಿಲ್ಲ. ಫಿನ್ಲೆಂಡಿನ ಉತ್ತರದ ಕಾಡುಗಳಲ್ಲಿ ಹವ್ಯಾಸಿಗಳು ಕಿಲೋಮೀಟರ್ ಉದ್ದದ ತಂತಿ ಎಳೆದು ಭಾರತದ ಮಧ್ಯಮ ತರಂಗ ಕೇಂದ್ರಗಳನ್ನು ಹಿಡಿಯುತ್ತಾರೆ. ಅವರಿಗೂ ಬೇಕಾದ ಮುಖ್ಯ ಆಸ್ತಿ ಹತ್ತಿರದಲ್ಲಿ ಮನೆ, ಕರೆಂಟ್ ಇಲ್ಲದ ಜಾಗ.

ಬೆಂಗಳೂರು, ಧಾರವಾಡಗಳ 200 ಕಿಲೋವಾಟ್ ಟ್ರಾನ್ಸ್‌ಮಿಟರ್‌ಗಳು ದೇಶದಲ್ಲಿ ಡಿಆರ್‌ಎಂ ಡಿಜಿಟಲ್ ಪ್ರಸಾರಕ್ಕೆ ಹಾಕಿದ 35 ಮಧ್ಯಮ ತರಂಗ ಟ್ರಾನ್ಸ್‌ಮಿಟರ್‌ಗಳಲ್ಲಿ ಸೇರಿವೆ. ಆದರೆ ಡಿಜಿಟಲ್ ಕೇಳುವ ರೇಡಿಯೊ ನಮ್ಮ ಸಂತೆಯಲ್ಲಿ ಸಿಗುವುದಿಲ್ಲ. ಇನ್ನೊಂದು ಕಡೆ ಹಳೆಯ ಕೇಂದ್ರಗಳು ಮುಚ್ಚಿ ಎಫ್‌ಎಂ ಬರುತ್ತಿದೆ. ಕರೆಂಟ್ ಬಿಲ್ ನೋಡಿದವರಿಗೆ ಆ ತೀರ್ಮಾನ ತಪ್ಪೆನಿಸದು. ಆದರೆ ಎಫ್‌ಎಂ ಗುಡ್ಡ ದಾಟುವುದಿಲ್ಲ. ಒಂದೇ ಮಾಸ್ಟಿನಿಂದ ಅರ್ಧ ರಾಜ್ಯಕ್ಕೆ ದನಿ ಮುಟ್ಟಿಸುವ ವ್ಯವಸ್ಥೆಯನ್ನು ನೆರೆ, ಬಿರುಗಾಳಿಯ ದಿನಕ್ಕಾದರೂ ಉಳಿಸಿಕೊಳ್ಳಬೇಕೆಂಬುದು ನನ್ನ ಮತ.

ನಿಮ್ಮ ಮನೆಯಲ್ಲೂ ಹಳೆಯ ರೇಡಿಯೊ ಇರಬಹುದು. ಸೆಲ್ ಹಾಕಿ, ಬಲ್ಬು ಚಾರ್ಜರ್ ಆರಿಸಿ, ಸಂಜೆ ಏಳರ ಮೇಲೆ ಮಾಳಿಗೆಯ ಮೇಲೆ ತಿರುಗಿಸಿ ನೋಡಿ. ಯಾವ ಕೇಂದ್ರ ಸಿಕ್ಕರೂ ತಾರೀಖು, ಹೊತ್ತು, ಕಿಲೋಹರ್ಟ್ಜ್, ಕೇಳಿದ ಕಾರ್ಯಕ್ರಮ, ದನಿ ಎಷ್ಟು ಸ್ಪಷ್ಟವಿತ್ತು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಆ ಕೇಂದ್ರಕ್ಕೇ ಕಳಿಸಿ. ಡ್ಯೂಟಿ ರೂಮಿನಲ್ಲಿ ಕೂತವರಿಗೆ ತಮ್ಮ ದನಿ ಎಲ್ಲಿಯವರೆಗೆ ಹೋಯಿತೆಂದು ಹೇಳುವ ಮೀಟರ್ ಇಲ್ಲ. ಅದನ್ನು ನೀವೇ ತಿಳಿಸಬೇಕು.